ಹಾಳೆಯಿಂದ ಏಳುವ ಘನಾಕೃತಿ

ಕಲಬುರಗಿಯಿಂದ ಕಮಲಾಪುರದ ಕಡೆ ಹೊರಟರೆ ಕಪನೂರ ಕೈಗಾರಿಕಾ ಪ್ರದೇಶ ಸಿಗುತ್ತದೆ. ಆ ದಾರಿಯಲ್ಲಿ ರಟ್ಟಿನ ಹಾಳೆಗಳ ಕಟ್ಟು ಹೊತ್ತ ಟೆಂಪೊ ಎದುರಾದರೆ ಗಮನಿಸಿ. ಅವು ಮಡಿಸಿದರೆ ಡಬ್ಬ, ಬಿಚ್ಚಿದರೆ ಹಾಳೆ. ಕಾಗದದಲ್ಲಿ ಬಹುಮುಖ ಘನಾಕೃತಿ ಕಟ್ಟುವ ಕಸುಬೂ ಇಷ್ಟೇ. ಜರ್ಮನಿಯ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ 1525ರಲ್ಲೇ ಇಂಥ ಬಿಚ್ಚಿದ ನಕ್ಷೆಗಳನ್ನು ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದ. ಚೌಕ ಘನವನ್ನು 11 ಬಗೆಯಲ್ಲಿ ಬಿಚ್ಚಿಡಬಹುದು. ಇಪ್ಪತ್ತು ತ್ರಿಕೋನಗಳ ವಿಂಶತಿಮುಖ ಘನವನ್ನು 43,380 ಬಗೆಯಲ್ಲಿ!

ಸಾಮಾನು ಮನೆಯಲ್ಲೇ ಇದೆ. ಹಳೆಯ ಲಗ್ನಪತ್ರಿಕೆ, ಕೈವಾರ, ಸ್ಕೇಲು, ಕತ್ತರಿ, ಫೆವಿಕಾಲ್, ಇಂಕು ತೀರಿದ ಬಾಲ್ ಪೆನ್. ಆ ತೀರಿದ ಪೆನ್ನೇ ಮುಖ್ಯ. ಗೆರೆಯ ಮೇಲೆ ಅದನ್ನು ಒತ್ತಿ ಎಳೆದ ಮೇಲೆ ಮಡಿಸಿದರೆ ಅಂಚು ಚೂಪಾಗಿ ನಿಲ್ಲುತ್ತದೆ, ಇಲ್ಲವಾದರೆ ಕಾಗದ ಸುಕ್ಕಾಗುತ್ತದೆ. ಅಂಟಿಸಲು ಅರ್ಧ ಸೆಂಟಿಮೀಟರಿನ ಪಟ್ಟಿ ಬಿಟ್ಟು ಕತ್ತರಿಸಿ. ಒಂದು ಪಟ್ಟಿ ಒಣಗುವ ತನಕ ಇನ್ನೊಂದಕ್ಕೆ ಕೈ ಹಾಕಬೇಡಿ. ಎಲ್ಲಕ್ಕಿಂತ ಕಷ್ಟದ್ದು ಕೊನೆಯ ಮುಖ. ಅದನ್ನು ಮುಚ್ಚುವಾಗ ಒಳಗಿನಿಂದ ಒತ್ತಲು ಬೆರಳಿಗೆ ಜಾಗವಿರುವುದಿಲ್ಲ. ಗೆರೆಯಲ್ಲಿ ಮಾಡಿದ ಕೂದಲೆಳೆಯ ತಪ್ಪೂ ಅಲ್ಲಿ ಬಿರುಕಾಗಿ ಕಾಣುತ್ತದೆ.

ಎಲ್ಲ ಮುಖವೂ ಒಂದೇ ನಿಯಮಿತ ಬಹುಭುಜವಾಗಿರುವ, ಪ್ರತಿ ಶೃಂಗದಲ್ಲೂ ಅಷ್ಟೇ ಮುಖಗಳು ಸೇರುವ ಉಬ್ಬಿದ ಘನಗಳು ಐದೇ ಏಕೆ? ಪುಸ್ತಕ ಓದುವುದಕ್ಕಿಂತ ಕತ್ತರಿ ಹಿಡಿದರೆ ಬೇಗ ತಿಳಿಯುತ್ತದೆ. ಒಂದು ಶೃಂಗದ ಸುತ್ತ ಸಮಬಾಹು ತ್ರಿಕೋನಗಳನ್ನು ಮೂರು, ನಾಲ್ಕು, ಐದು ಸೇರಿಸಿ: ಕಾಗದ ಗೋಪುರವಾಗಿ ಏಳುತ್ತದೆ. ಆರನೆಯದನ್ನು ಸೇರಿಸಿದರೆ 360 ಡಿಗ್ರಿ ತುಂಬಿ ನೆಲಕ್ಕೆ ಮಲಗುತ್ತದೆ. ಚೌಕಗಳು ಮೂರಕ್ಕೇ ಸಾಕು. ಪಂಚಭುಜಗಳೂ ಮೂರೇ, 324 ಡಿಗ್ರಿ. ಮೂರು ಷಡ್ಭುಜಗಳನ್ನಿಟ್ಟರೆ ಮತ್ತೆ ನೆಲವೇ.

ನಮ್ಮ ಭಾಗಕ್ಕೆ ಕಾಗದದ ಗಣಿತ ಹೊಸದಲ್ಲ. ಮದ್ರಾಸಿನಲ್ಲಿ ಟಿ. ಸುಂದರರಾವ್ 1893ರಲ್ಲಿ ಕಾಗದ ಮಡಿಸಿ ರೇಖಾಗಣಿತ ಕಲಿಸುವ ಪುಸ್ತಕ ತಂದರು. ಜರ್ಮನ್ ಗಣಿತಜ್ಞ ಫೆಲಿಕ್ಸ್ ಕ್ಲೈನ್ ಅದನ್ನು ಮೆಚ್ಚಿ ಹೆಸರಿಸಿದರು. ಇನ್ನು ಕಲಬುರಗಿಯ ಹಫ್ತ್ ಗುಂಬಜ್ ಗೋರಿಯೊಂದರ ಒಳಗೆ ನಿಂತು ಕತ್ತೆತ್ತಿದರೆ, ಚೌಕದ ಗೋಡೆ ಮೂಲೆಗಮಾನುಗಳ ಮೇಲೆ ಎಂಟು ಮೂಲೆಯಾಗಿ ಗುಮ್ಮಟಕ್ಕೆ ಏರುವುದು ಕಾಣುತ್ತದೆ. ಘನಾಕೃತಿಯನ್ನು ಒಮ್ಮೆ ಕೈಯಲ್ಲಿ ಕಟ್ಟಿದ ಮಗು ಆ ಗೋಡೆಯನ್ನು ಬೇರೆಯೇ ಕಣ್ಣಿನಿಂದ ನೋಡುತ್ತದೆ.

ಗಣಿತದ ಮೇಷ್ಟ್ರುಗಳಲ್ಲಿ ಒಂದು ಬಿನ್ನಹ. ಮುಖ, ಶೃಂಗ, ಅಂಚುಗಳ ಲೆಕ್ಕ ಕೂಡಿಸುವ ಆಯ್ಲರನ ಸೂತ್ರವನ್ನು ಮೊದಲು ಬೋರ್ಡಿನ ಮೇಲೆ ಬರೆಯಬೇಡಿ. ಹನ್ನೆರಡು ಪಂಚಭುಜ ಮುಖದ ಘನವೊಂದನ್ನು ಮಕ್ಕಳಿಂದಲೇ ಕಟ್ಟಿಸಿ. ಮುಖ 12, ಶೃಂಗ 20, ಅಂಚು 30 ಎಂದು ಅವರೇ ಎಣಿಸಲಿ. ಸೂತ್ರ ಆಮೇಲೆ ಹೇಳಿ.