ಮನೆಯಲ್ಲಿ ಪರಭಾಷೆ

ದ್ರಾಕ್ಷಿಯ ಬಳ್ಳಿಗೂ ಅದರ ಮದ್ಯಕ್ಕೂ ಆಂಗ್ಲರಲ್ಲಿ ಬೇರೆ ಬೇರೆ ಉಚ್ಚಾರಗಳುಂಟು. ನಮ್ಮ ಲಿಪಿಯಲ್ಲಿ ಎರಡೂ ‘ವೈನ್’. ಈ ಭೇದವನ್ನು ನನ್ನ ಕಿವಿ ಪ್ರಯಾಸದಿಂದ ಹಿಡಿಯುತ್ತದೆ. ಎಳೆಯ ಕಿವಿಗೆ ಅದು ಸುಲಭಸಾಧ್ಯ. ಹಾಗೆಂದು ಶಿಶುವಿನ ಮುಂದೆ ಯಂತ್ರವೊಂದನ್ನು ಹಾಡಲು ಬಿಟ್ಟರೆ ಸಾಕೆ?

ಅಮೆರಿಕದಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ನಡೆಸಿ 2003ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಿರಿ. 9 ತಿಂಗಳ ಕೂಸುಗಳೊಡನೆ ಚೀನೀ ಭಾಷಿಕರು 12 ಸಲ ಕುಳಿತು ಓದಿದರು, ಆಡಿದರು. ಕೂಸುಗಳು ಆ ನುಡಿಯ ಧ್ವನಿಭೇದವನ್ನು ಗುರುತಿಸಿದವು. ಅದೇ ಪಾಠವನ್ನು ದೂರದರ್ಶನದ ತೆರೆಯಲ್ಲಿ ಕಂಡ ಕೂಸುಗಳಿಗೆ ಅದು ದಕ್ಕಲಿಲ್ಲ.

ಆದುದರಿಂದ ಮಗುವನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು, ಚಿತ್ರ ತೋರಿಸಿ, ಹೆಸರು ನುಡಿದು, ಅದರ ಉತ್ತರಕ್ಕೆ ಕಾಯಿರಿ. ಇಂಗ್ಲಿಷು ಬರಲೆಂದು ಕನ್ನಡವನ್ನೇ ಮನೆಯಿಂದ ಹೊರಡಿಸಿದವರನ್ನು ಕಂಡಿದ್ದೇನೆ. ಅಜ್ಜಿಯೊಡನೆ ಮಾತನಾಡಲಾರದ ಮೊಮ್ಮಗುವಿಗೆ ಎಷ್ಟು ಭಾಷೆ ಬಂದರೇನು ಫಲ?