ಕರೆಯದೆ ಬರುವ ಅತಿಥಿ

ನೊಣವು ಬೆಲ್ಲದ ಅಚ್ಚಿನ ಮೇಲೆ ಕುಳಿತೊಡನೆ ಅದರ ಸವಿಯನ್ನರಿಯುವುದು ಕಾಲಿನಿಂದ! ರುಚಿ ತಿಳಿಯುವ ಸೂಕ್ಷ್ಮ ರೋಮಗಳು ಅದರ ಪಾದಗಳಲ್ಲಿವೆ. ಆಗಾಗ ಕೈಮುಗಿದಂತೆ ಮುಂಗಾಲುಗಳನ್ನು ಉಜ್ಜುವುದು ಭಕ್ತಿಯಿಂದಲ್ಲ. ಆ ರೋಮಗಳಿಗೆ ಅಂಟಿದ ಕೊಳೆಯನ್ನು ಕಳೆಯಲು.

ಮನೆನೊಣಕ್ಕೆ ಅಗಿಯುವ ಬಾಯಿಲ್ಲ. ಇರುವುದು ಹೀರುವ ಸೊಂಡಿಲು ಮಾತ್ರ. ಆದುದರಿಂದ ಗಟ್ಟಿ ತಿನಿಸಿನ ಮೇಲೆ ಜೊಲ್ಲನ್ನೂ, ಹಿಂದೆ ಕುಡಿದ ದ್ರವವನ್ನೂ ಕಕ್ಕಿ, ಕರಗಿಸಿ, ಹೀರಿಕೊಳ್ಳುತ್ತದೆ. ಹಿಂದಿನ ಊಟ ಮಲದ ಮೇಲಾಗಿದ್ದರೆ ಆಮಶಂಕೆ, ವಿಷಮಶೀತಜ್ವರಗಳ ರೋಗಾಣುಗಳೂ ಬೆಲ್ಲಕ್ಕಿಳಿಯಬಹುದು. ಗೃಹಿಣಿಯು ಕೈಬೀಸಿ ಓಡಿಸುವಷ್ಟರಲ್ಲಿ ಅದರ ಕೆಲಸ ಮುಗಿದಿರುತ್ತದೆ.

ಇದು ಬರಿಯ ಅಸಹ್ಯದ ಮಾತಲ್ಲ. ಪಾಕಿಸ್ತಾನದ ಕೆಲವು ಹಳ್ಳಿಗಳಲ್ಲಿ ಕೀಟನಾಶಕ ಸಿಂಪಡಿಸಿ ನೊಣಗಳನ್ನು ಅಡಗಿಸಿದಾಗ, ನೊಣಗಳ ಹಾವಳಿಯ ಕಾಲದಲ್ಲಿ ಮಕ್ಕಳ ಅತಿಸಾರವು ಶೇಕಡ 23ರಷ್ಟು ಇಳಿಯಿತೆಂದು 1999ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು.