ಕೊಸರೆಂದು ಬಂದ ಸರಕು

ವಾರದ ಸಂತೆಯಲ್ಲಿ ಬದನೆಕಾಯಿಯನ್ನು ತೂಗಿಸಿಕೊಂಡ ಗಿರಾಕಿಯು, ತಕ್ಕಡಿ ಸಮನಾಗಿ ನಿಂತ ಮೇಲೂ ಚೀಲದ ಬಾಯನ್ನು ಮುಚ್ಚದೆ ಒಂದು ಕ್ಷಣ ಹಾಗೆಯೇ ಹಿಡಿದುಕೊಂಡಿದ್ದರೆ, ಮಾರುವವಳು ಅವನ ಮನಸ್ಸನ್ನರಿತು ಮೇಲಿಂದ ಹಾಕುವ ಎರಡು ಕಾಯಿಗಳಿಗೆ ಕೊಸರೆಂದು ಹೆಸರು. ಕೊಸರಿಗೆ ಬೆಲೆಯಿಲ್ಲ, ಬೆಲೆಯಿಲ್ಲದುದರಿಂದಲೇ ಅದನ್ನು ಒಲ್ಲೆನೆಂದು ಮರಳಿಸಿ ಹಣ ಕೇಳುವ ಮಾತೂ ಇಲ್ಲ. ಹೊಸ ಗಣಕಯಂತ್ರವನ್ನು ಮನೆಗೆ ತಂದು, ಮುಚ್ಚಳವನ್ನು ತೆರೆದು, ತಾನು ಕೇಳದ ಹತ್ತಾರು ತಂತ್ರಾಂಶಗಳು ಅದರೊಳಗೆ ಮೊದಲೇ ಬಂದು ಮನೆಮಾಡಿಕೊಂಡಿರುವುದನ್ನು ಕಂಡವನು, ಅವನ್ನೂ ಇಂಥ ಕೊಸರೆಂದೇ ಬಗೆಯುವುದು ಸಹಜ. ಆದರೆ ಅವುಗಳೆಲ್ಲವೂ ಕೊಸರಲ್ಲ. ಕೆಲವಕ್ಕೆ ಅವನು ತನಗರಿವಿಲ್ಲದೆಯೇ ಬೆಲೆ ತೆತ್ತಿರುತ್ತಾನೆ. ತೆತ್ತ ಬೆಲೆಯನ್ನು ಮರಳಿ ಪಡೆಯಬಹುದೇ, ಪಡೆಯುವ ದಾರಿ ಯಾವುದು, ಆ ದಾರಿ ಎಲ್ಲಿಯವರೆಗೆ ಹೋಗುತ್ತದೆ ಎಂಬುದು ವಿಚಾರಿಸತಕ್ಕ ಸಂಗತಿ.

ಬೆಳಗಾವಿ ಜಿಲ್ಲೆಯ ನಿಪ್ಪಾಣಿ ತಾಲೂಕಿನಲ್ಲಿ, ಮಹಾರಾಷ್ಟ್ರದ ಗಡಿಯ ಮಗ್ಗುಲಲ್ಲಿರುವ ಬೋರಗಾಂವದಲ್ಲಿ, ಕಬ್ಬು ಬೆಳೆಯುವ ಗೃಹಸ್ಥನೊಬ್ಬನಿದ್ದಾನೆಂದು ಭಾವಿಸೋಣ. ಕಾರಖಾನೆಯಿಂದ ಕಬ್ಬಿನ ಬಿಲ್ಲು ಬಂದ ವಾರವೇ, ಎಂಜಿನಿಯರಿಂಗ್ ಓದಲು ಹೊರಟ ಮಗಳಿಗಾಗಿ ಅವನು ಇಚಲಕರಂಜಿಗೋ ಕೊಲ್ಹಾಪುರಕ್ಕೋ ಹೋಗಿ ಲ್ಯಾಪ್‌ಟಾಪ್ ಒಂದನ್ನು ಕೊಳ್ಳುವನು. ಈತನು ಲೆಕ್ಕದಲ್ಲಿ ಎಡವುವವನಲ್ಲ: ಟನ್ನಿಗೆ ಎಷ್ಟು ಕೊಟ್ಟರು, ಕಟಾವಿಗೆ ಎಷ್ಟು ಹಿಡಿದರು, ಸಾಗಾಣಿಕೆಗೆ ಎಷ್ಟು ಹಿಡಿದರು, ಸೊಸೈಟಿಯ ಸಾಲಕ್ಕೆ ಎಷ್ಟು ಕಡಿದುಕೊಂಡರು ಎಂಬುದನ್ನು ಕಬ್ಬಿನ ಬಿಲ್ಲಿನಲ್ಲಿ ಸಾಲುಸಾಲಾಗಿ ಓದಿ, ಒಂದು ರೂಪಾಯಿ ಹೆಚ್ಚುಕಡಿಮೆಯಾದರೂ ಕಾರಖಾನೆಯ ಕಚೇರಿಯ ಮೆಟ್ಟಿಲೇರುವವನು. ಅಂಥವನ ಕೈಗೆ ಅಂಗಡಿಯಲ್ಲಿ ಕೊಟ್ಟ ಬಿಲ್ಲಿನಲ್ಲಿ ಇರುವುದಾದರೂ ಏನು? ಯಂತ್ರದ ಹೆಸರು, ಅದರ ಸಂಖ್ಯೆ, ಒಟ್ಟು ಬೆಲೆ, ಅದರ ಮೇಲೆ ಶೇಕಡ 18ರ ಜಿಎಸ್‌ಟಿ. ಯಂತ್ರಕ್ಕೆ ಎಷ್ಟು, ಅದರೊಳಗಿನ ವಿಂಡೋಸಿಗೆ ಎಷ್ಟು ಎಂಬ ವಿಂಗಡಣೆ ಅದರಲ್ಲಿ ಇಲ್ಲ. ವಿಂಡೋಸಿಗೆ ಬದಲಾಗಿ ಉಚಿತವಾಗಿ ದೊರೆಯುವ ಲಿನಕ್ಸಿನ ವಿಷಯವನ್ನು ಕಾಲೇಜಿನ ಹಿರಿಯರಿಂದ ಕೇಳಿ ಬಂದ ಮಗಳು, “ಇದರಾಗಿನ ವಿಂಡೋಸ್ ನಮಗ ಬ್ಯಾಡ್ರಿ, ಅದರ ರೊಕ್ಕ ತೆಗದು ಕೊಡ್ರಿ” ಎಂದರೆ, “ಕಂಪನಿಯವರ ಹಾಕಿ ಕಳಸ್ತಾರ್ರಿ ಅಕ್ಕಾರ, ನಮ್ಮ ಕೈಯಾಗ ಏನೂ ಇಲ್ಲ” ಎಂದು ಅಂಗಡಿಯವನು ಹೇಳುವನು. ಹಾಗೆ ಹೇಳುವುದರಲ್ಲಿ ಸುಳ್ಳೂ ಇರುವುದಿಲ್ಲ.

ಮೊದಲೇ ತುಂಬಿ ಬರುವ ತಂತ್ರಾಂಶಗಳಲ್ಲಿ ಎರಡು ಬಗೆಯುಂಟೆಂಬುದನ್ನು ಇಲ್ಲಿ ಅರಿತುಕೊಳ್ಳಬೇಕು. ಒಂದು, ವಿಂಡೋಸಿನಂತೆ ಯಂತ್ರವನ್ನು ನಡೆಸುವ ಕಾರ್ಯಾಚರಣೆ ವ್ಯವಸ್ಥೆ. ಇದಕ್ಕೆ ತಯಾರಕನು ಪರವಾನಗಿಯ ಶುಲ್ಕವನ್ನು ತೆತ್ತು, ಆ ಶುಲ್ಕವನ್ನು ಯಂತ್ರದ ಬೆಲೆಯೊಳಗೆ ಸೇರಿಸಿರುತ್ತಾನೆ. ಇನ್ನೊಂದು, ಕೆಲವು ದಿನ ಉಚಿತವಾಗಿ ನಡೆದು ಆಮೇಲೆ ಹಣ ಕೇಳುವ ವೈರಸ್ ನಿರೋಧಕಗಳು, ಆಟಗಳು, ಜಾಹೀರಾತಿನ ಸಣ್ಣಪುಟ್ಟ ತಂತ್ರಾಂಶಗಳು. ಇವನ್ನು ಒಳಗಿಟ್ಟುದಕ್ಕೆ ತಯಾರಕನಿಗೇ ಸಾಮಾನ್ಯವಾಗಿ ಹಣ ಸಂದಾಯವಾಗುತ್ತದೆಯಾದ ಕಾರಣ, ಗ್ರಾಹಕನು ಮರಳಿ ಕೇಳಬಹುದಾದ ಬೆಲೆ ಅಲ್ಲಿಲ್ಲ. ಅಳಿಸಿಹಾಕುವ ಸ್ವಾತಂತ್ರ್ಯವಷ್ಟೇ ಉಂಟು. ಈ ಎರಡನೆಯ ಬಗೆಯದು ಬರಿಯ ಕಿರಿಕಿರಿಯೆಂದು ಉಪೇಕ್ಷಿಸುವಂತೆಯೂ ಇಲ್ಲ. ಲೆನೊವೊ ಸಂಸ್ಥೆಯು 2014ರಲ್ಲಿ ಕೆಲವು ಲ್ಯಾಪ್‌ಟಾಪುಗಳೊಳಗೆ ಇಟ್ಟು ಕಳುಹಿಸಿದ ‘ಸೂಪರ್‌ಫಿಶ್’ ಎಂಬ ಜಾಹೀರಾತು ತಂತ್ರಾಂಶವು, ಬ್ಯಾಂಕಿನ ವ್ಯವಹಾರದಂತಹ ಗುಪ್ತ ಸಂಪರ್ಕದ ನಡುವೆಯೂ ತಾನು ನುಸುಳಿ ನಿಂತು ರಕ್ಷಣೆಯನ್ನು ಸಡಿಲಗೊಳಿಸುತ್ತಿದ್ದ ಸಂಗತಿ 2015ರ ಫೆಬ್ರವರಿಯಲ್ಲಿ ಬಯಲಾಗಿ, 2017ರಲ್ಲಿ ಆ ಸಂಸ್ಥೆ ಅಮೆರಿಕದ ವಾಣಿಜ್ಯ ಆಯೋಗದೊಡನೆಯೂ 32 ರಾಜ್ಯಗಳೊಡನೆಯೂ ರಾಜಿ ಮಾಡಿಕೊಳ್ಳಬೇಕಾಯಿತು.

ಬೆಲೆಯುಳ್ಳ ಮೊದಲನೆಯ ಬಗೆಯ ಇತಿಹಾಸ ಇನ್ನೂ ಹಿಂದಿನದು. ತಯಾರಕನು ಮಾರುವ ಪ್ರತಿಯೊಂದು ಯಂತ್ರಕ್ಕೂ, ಅದರಲ್ಲಿ ಮೈಕ್ರೋಸಾಫ್ಟಿನ ತಂತ್ರಾಂಶವಿರಲಿ ಇಲ್ಲದಿರಲಿ, ಆ ಸಂಸ್ಥೆಗೆ ಶುಲ್ಕ ತೆರಬೇಕೆಂಬ ಕರಾರುಗಳು ಒಂದು ಕಾಲದಲ್ಲಿ ನಡೆಯುತ್ತಿದ್ದವು. ಅಮೆರಿಕದ ಸರಕಾರವು 1994ರಲ್ಲಿ ದಾವೆ ಹೂಡಿದ ಮೇಲೆ, ಮೈಕ್ರೋಸಾಫ್ಟು ಅಂಥ ಕರಾರುಗಳನ್ನು ಬಿಡಲೊಪ್ಪಿತು. ಕರಾರು ಹೋದರೂ ರೂಢಿ ಹೋಗಲಿಲ್ಲ. ಆದರೆ ಆ ಕಾಲದ ವಿಂಡೋಸಿನ ಪರವಾನಗಿ ಪತ್ರದಲ್ಲಿ, ಯಾರೂ ಓದದ ಸಣ್ಣ ಅಕ್ಷರಗಳ ನಡುವೆ, ಈ ಷರತ್ತುಗಳಿಗೆ ನೀವು ಸಮ್ಮತಿಸದಿದ್ದರೆ ಬಳಸದ ತಂತ್ರಾಂಶವನ್ನು ಮರಳಿಸಿ ಹಣ ಪಡೆಯಲು ತಯಾರಕನನ್ನು ಕೇಳಿರಿ ಎಂಬರ್ಥದ ಮಾತೊಂದು ಇತ್ತು. ಆಸ್ಟ್ರೇಲಿಯದ ಜೆಫ್ರಿ ಬೆನೆಟ್ ಎಂಬಾತನು ಆ ಮಾತನ್ನು ಓದಿದನು. ಓದಿದುದು ಮಾತ್ರವಲ್ಲ, ನಂಬಿದನು. ತೋಶಿಬಾ ಲ್ಯಾಪ್‌ಟಾಪನ್ನು ಕೊಂಡಿದ್ದ ಅವನು ಪತ್ರದ ಮೇಲೆ ಪತ್ರ ಬರೆದು, ಕೊನೆಗೆ 110 ಆಸ್ಟ್ರೇಲಿಯನ್ ಡಾಲರುಗಳನ್ನು ಮರಳಿ ಪಡೆದನು. ಈ ವಾರ್ತೆ ಹಬ್ಬಿ, 1999ರ ಫೆಬ್ರವರಿ 15ರಂದು ಕ್ಯಾಲಿಫೋರ್ನಿಯದ ಫಾಸ್ಟರ್ ಸಿಟಿಯಲ್ಲಿರುವ ಮೈಕ್ರೋಸಾಫ್ಟ್ ಕಚೇರಿಗೆ ಲಿನಕ್ಸ್ ಬಳಕೆದಾರರು ಗುಂಪಾಗಿ ಹೋಗಿ ಹಣ ಕೇಳಿದರು. ‘ವಿಂಡೋಸ್ ಮರುಪಾವತಿ ದಿನ’ವೆಂದು ಪ್ರಸಿದ್ಧವಾದ ಆ ದಿನ ಅವರಿಗೆ ಹಣ ಸಿಕ್ಕಲಿಲ್ಲ, ಕೊಡಬೇಕಾದವನು ತಯಾರಕನೆಂಬ ಉತ್ತರ ಸಿಕ್ಕಿತು.

ಆ ಉತ್ತರವನ್ನು ಯುರೋಪಿನವರು ನ್ಯಾಯಾಲಯಗಳಿಗೆ ಕೊಂಡೊಯ್ದರು. ಅಲ್ಲಿ ದೊರೆತ ತೀರ್ಪುಗಳು ಒಂದೇ ದಿಕ್ಕಿಗೆ ಸಾಗಲಿಲ್ಲ. ಇಟಲಿಯ ಪರಮೋಚ್ಚ ನ್ಯಾಯಾಲಯವು 2014ರ ಸೆಪ್ಟೆಂಬರ್ 11ರಂದು, ಎಚ್‌ಪಿ ಸಂಸ್ಥೆಯ ವಿರುದ್ಧದ ಮೊಕದ್ದಮೆಯಲ್ಲಿ, ಯಂತ್ರವನ್ನಿಟ್ಟುಕೊಂಡು ತಂತ್ರಾಂಶವನ್ನು ನಿರಾಕರಿಸಿದ ಗ್ರಾಹಕನಿಗೆ ಅದರ ಬೆಲೆ ಮರಳತಕ್ಕದ್ದೆಂದು ತೀರ್ಪಿತ್ತಿತು. ಎರಡು ವರ್ಷಗಳ ಅನಂತರ ಐರೋಪ್ಯ ಒಕ್ಕೂಟದ ನ್ಯಾಯಾಲಯ ಬೇರೊಂದು ಮಾತನ್ನಾಡಿತು. ಫ್ರಾನ್ಸಿನ ಗ್ರಾಹಕನೊಬ್ಬನು 2008ರ ಡಿಸೆಂಬರಿನಲ್ಲಿ 549 ಯೂರೋಗಳಿಗೆ ಕೊಂಡ ಸೋನಿ ಲ್ಯಾಪ್‌ಟಾಪಿನ ವ್ಯಾಜ್ಯವದು. ಬೇಡವಾದರೆ ಯಂತ್ರವನ್ನೇ ಮರಳಿಸಿ ಪೂರ್ತಿ ಹಣ ತೆಗೆದುಕೋ ಎಂದು ಸೋನಿ ಹೇಳಿದ್ದಿತು. ತಂತ್ರಾಂಶ ತುಂಬಿದ ಯಂತ್ರವನ್ನು ಮಾರುವುದು ತಾನಾಗಿಯೇ ಅನುಚಿತ ವಾಣಿಜ್ಯ ವರ್ತನೆಯಾಗದು, ತಂತ್ರಾಂಶಗಳ ಬೆಲೆಯನ್ನು ಬೇರೆಬೇರೆಯಾಗಿ ತೋರಿಸದಿರುವುದೂ ವಂಚನೆಯೆನಿಸದು ಎಂದು 2016ರ ಸೆಪ್ಟೆಂಬರ್ 7ರಂದು ಆ ನ್ಯಾಯಾಲಯ ಅಭಿಪ್ರಾಯಪಟ್ಟಿತು. ಇಲ್ಲಿಗೆ ವಾದ ಮುಗಿಯಿತೆನ್ನುವಷ್ಟರಲ್ಲಿ, ಇಟಲಿಯ ಮೊಂಜಾ ಎಂಬ ಊರಿನ ನ್ಯಾಯಾಲಯದಲ್ಲಿ 2020ರ ಡಿಸೆಂಬರಿನಲ್ಲಿ ಒಂದು ವಿಚಿತ್ರ ನಡೆಯಿತು. ವಿಂಡೋಸಿನ ಬೆಲೆಯಾದ 42 ಯೂರೋಗಳನ್ನು ಕೊಡಬೇಕೆಂದು ಕೆಳಗಿನ ನ್ಯಾಯಾಲಯ ಹೇಳಿದುದನ್ನು ಒಪ್ಪದೆ ಮೇಲ್ಮನವಿ ಹೂಡಿದ ಲೆನೊವೊ ಸಂಸ್ಥೆಗೆ, ಅಷ್ಟು ಸಣ್ಣ ಮೊತ್ತಕ್ಕಾಗಿ ಒಬ್ಬ ಗ್ರಾಹಕನನ್ನು ವ್ಯಾಜ್ಯದಲ್ಲಿ ಎಳೆದಾಡಿದುದಕ್ಕಾಗಿ ನ್ಯಾಯಾಲಯ 20,000 ಯೂರೋಗಳ ದಂಡ ವಿಧಿಸಿ, ಅದನ್ನು ಆ ಗ್ರಾಹಕನಿಗೇ ಕೊಡಿಸಿತು. ಅವನು ಅದರಲ್ಲಿ 15,000 ಯೂರೋಗಳನ್ನು ಸ್ವತಂತ್ರ ತಂತ್ರಾಂಶದ ಪ್ರಚಾರಕ್ಕಾಗಿ ದುಡಿಯುವ ಯುರೋಪಿನ ಪ್ರತಿಷ್ಠಾನವೊಂದಕ್ಕೆ ದಾನವಿತ್ತನು.

ಈ ಅವಧಿಯಲ್ಲಿ ಪರವಾನಗಿ ಪತ್ರವೂ ಜಾಣತನ ಕಲಿತಿತು. ಇಂದಿನ ವಿಂಡೋಸಿನ ಒಡಂಬಡಿಕೆಯನ್ನು ಓದಿದರೆ, ಸಮ್ಮತಿಯಿಲ್ಲದವನು ತಯಾರಕನ ಮರಳಿಸುವ ನಿಯಮವನ್ನು ವಿಚಾರಿಸಬಹುದು, ಆದರೆ ಆ ನಿಯಮವು ತಂತ್ರಾಂಶದೊಡನೆ ಇಡೀ ಯಂತ್ರವನ್ನೇ ಮರಳಿಸಬೇಕೆಂದು ವಿಧಿಸಿದರೂ ವಿಧಿಸಬಹುದು ಎಂಬ ತಾತ್ಪರ್ಯ ದೊರೆಯುತ್ತದೆ. ಎಂದರೆ, ಒಲ್ಲೆನೆನ್ನುವ ಹಕ್ಕನ್ನು ಒಂದು ಕೈಯಿಂದ ಕೊಟ್ಟು, ಅದರ ಬೆಲೆಯನ್ನು ನಿಶ್ಚಯಿಸುವ ಅಧಿಕಾರವನ್ನು ಇನ್ನೊಂದು ಕೈ ತಯಾರಕನಿಗೇ ದಾಟಿಸಿದೆ.

ನಮ್ಮ ದೇಶದಲ್ಲಿ ಈ ವ್ಯವಹಾರದ ಸ್ವರೂಪವನ್ನು ಬೋರಗಾಂವದ ರೈತನಿಗೆ ವಿವರಿಸಲು ಇಟಲಿಯವರೆಗೆ ಹೋಗಬೇಕಾಗಿಲ್ಲ. ಮಳೆ ಬಿದ್ದು ಯೂರಿಯಾಕ್ಕೆ ನೂಕುನುಗ್ಗಲಾದಾಗ, ಚೀಲದೊಡನೆ ಒಂದು ಬಾಟಲಿಯ ದ್ರವಗೊಬ್ಬರವನ್ನೋ ಒಂದು ಪೊಟ್ಟಣ ಜಿಂಕನ್ನೋ ಕೊಂಡರಷ್ಟೇ ಯೂರಿಯಾ ಎನ್ನುವ ಅಂಗಡಿಗಳ ‘ಲಿಂಕ್’ ಅವನಿಗೆ ಚೆನ್ನಾಗಿ ಗೊತ್ತು. ಸರಕಾರಗಳು ಅದು ಕೂಡದೆಂದು ಮತ್ತೆ ಮತ್ತೆ ಎಚ್ಚರಿಸಿರುವುದೂ ಗೊತ್ತು. ಗ್ಯಾಸಿನ ಹೊಸ ಸಂಪರ್ಕದೊಡನೆ ಅಲ್ಲಿಯೇ ಒಲೆಯನ್ನೂ ಕೊಳ್ಳಬೇಕೆಂದ ವಿತರಕರೊಡನೆ ಮನೆಯವರು ಜಗಳವಾಡಿದುದೂ ಉಂಟು. ಒಂದು ವಸ್ತುವನ್ನು ಪಡೆಯಬೇಕಾದರೆ ಇನ್ನೊಂದನ್ನು ಕೊಳ್ಳಲೇಬೇಕೆಂದು ವಿಧಿಸುವ ಇಂಥ ಪದ್ಧತಿಗೆ, 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ‘ನಿರ್ಬಂಧಕ ವ್ಯಾಪಾರ ಪದ್ಧತಿ’ ಎಂದು ಹೆಸರಿಟ್ಟು, ಅದರ ವಿರುದ್ಧ ದೂರು ಕೊಡುವ ಹಕ್ಕನ್ನು ಗ್ರಾಹಕನಿಗೆ ಇತ್ತಿದೆ. ತಂತ್ರಾಂಶವು ಕಣ್ಣಿಗೆ ಕಾಣದು, ಅದು ಸರಕೇ ಅಲ್ಲವೆಂಬ ವಾದಕ್ಕೂ ಎಡೆಯಿಲ್ಲ. ಸಿದ್ಧರೂಪದಲ್ಲಿ ಮಾರುವ ತಂತ್ರಾಂಶವು ಸರಕೇ ಎಂದು ಸರ್ವೋಚ್ಚ ನ್ಯಾಯಾಲಯವು ತೆರಿಗೆಯ ಮೊಕದ್ದಮೆಯೊಂದರಲ್ಲಿ 2004ರಲ್ಲಿಯೇ ನಿರ್ಣಯಿಸಿದೆ.

ಆದರೂ ಯೂರಿಯಾದ ಲಿಂಕಿಗೂ ಲ್ಯಾಪ್‌ಟಾಪಿನ ವಿಂಡೋಸಿಗೂ ಒಂದು ಭೇದವಿದೆ. ಯೂರಿಯಾ ಮತ್ತು ಬಾಟಲಿ ಎರಡೆಂದು ಯಾರಿಗಾದರೂ ಕಾಣುತ್ತದೆ. ಯಂತ್ರವೂ ಅದನ್ನು ನಡೆಸುವ ತಂತ್ರಾಂಶವೂ ಒಂದೇ ವಸ್ತುವೆಂದು ತಯಾರಕನು ವಾದಿಸಬಲ್ಲನು. ಆದಕಾರಣ ಗೆಲುವು ಖಚಿತವೆಂದು ಯಾರಾದರೂ ಹೇಳಿದರೆ ಅವರನ್ನು ನಂಬಬೇಕಾಗಿಲ್ಲ. ಈ ಎಳೆದಾಟ ಮೊಬೈಲಿನ ಮಟ್ಟದಲ್ಲಿಯೂ ನಡೆದಿದೆ. ಆಂಡ್ರಾಯ್ಡ್ ಫೋನುಗಳಲ್ಲಿ ತನ್ನ ಆ್ಯಪುಗಳನ್ನು ಮೊದಲೇ ತುಂಬಿಸುವ ಕರಾರುಗಳೇ ಮೊದಲಾದ ಕಾರಣಗಳಿಗಾಗಿ ಗೂಗಲ್ ಸಂಸ್ಥೆಗೆ ಭಾರತೀಯ ಸ್ಪರ್ಧಾ ಆಯೋಗವು 2022ರ ಅಕ್ಟೋಬರ್ 20ರಂದು 1,337.76 ಕೋಟಿ ರೂಪಾಯಿಗಳ ದಂಡ ವಿಧಿಸಿತು. ಮೇಲ್ಮನವಿ ನ್ಯಾಯಾಧಿಕರಣವು 2023ರ ಮಾರ್ಚಿನಲ್ಲಿ ದಂಡವನ್ನು ಎತ್ತಿಹಿಡಿದರೂ, ಬೇಡದ ಆ್ಯಪುಗಳನ್ನು ಬಳಕೆದಾರನು ಅಳಿಸಿಹಾಕುವುದಕ್ಕೆ ಅಡ್ಡಿಮಾಡಬಾರದೆಂಬ ನಿರ್ದೇಶವನ್ನು ತೆಗೆದುಹಾಕಿತು.

ಹೀಗಿದ್ದೂ ಹಣ ಕೇಳಿಯೇ ನೋಡುವೆನೆಂಬ ಹಟವಿದ್ದವನು ಕ್ರಮವನ್ನು ತಪ್ಪಬಾರದು. ಯಂತ್ರವನ್ನು ಮೊದಲ ಸಲ ಚಾಲೂ ಮಾಡಿದಾಗ ಪರವಾನಗಿಯ ಪುಟ ಬಂದು ಸಮ್ಮತಿ ಕೇಳುತ್ತದೆ. ಅಲ್ಲಿ ಬೆರಳನ್ನು ತಡೆಯಬೇಕು. ಒಪ್ಪಿದೆನೆಂದು ಒಮ್ಮೆ ಒತ್ತಿದವನು ಒಲ್ಲೆನೆಂದು ಆಮೇಲೆ ಹೇಳಿದರೆ ಕೇಳುವವರಿಲ್ಲ. ಆ ಪುಟದ ಛಾಯಾಚಿತ್ರವನ್ನು ತೆಗೆದಿಟ್ಟುಕೊಂಡು, ಯಂತ್ರವನ್ನು ಆರಿಸಿ, ಬಿಲ್ಲಿನ ಪ್ರತಿಯೊಡನೆ ತಯಾರಕನ ಗ್ರಾಹಕ ಸೇವೆಗೆ ಕೂಡಲೇ ಬರೆಯಬೇಕು. ದೂರವಾಣಿಯಲ್ಲಿ ಆಡಿದ ಮಾತಿಗೆ ಸಾಕ್ಷಿಯಿಲ್ಲವಾದುದರಿಂದ ಎಲ್ಲವೂ ಲಿಖಿತವಾಗಿರಬೇಕು. ಉತ್ತರ ಬಾರದಿದ್ದರೆ 1915 ಎಂಬ ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ತಿಳಿಸಬಹುದು. ಅಲ್ಲಿಯೂ ಬಗೆಹರಿಯದಿದ್ದರೆ ಎರಡು ವರ್ಷಗಳ ಒಳಗಾಗಿ ಜಿಲ್ಲಾ ಗ್ರಾಹಕ ಆಯೋಗದ ಮುಂದೆ ದೂರು ಸಲ್ಲಿಸಬಹುದು. ಕೊಂಡ ವಸ್ತುವಿನ ಬೆಲೆ ಐದು ಲಕ್ಷ ರೂಪಾಯಿಗಳ ಒಳಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲನೂ ಕಡ್ಡಾಯವಲ್ಲ.

ಗಡಿಯ ಊರಿನವರಿಗೆ ಈ ಅಧಿನಿಯಮವು ಇನ್ನೊಂದು ಉಪಕಾರವನ್ನು ಮಾಡಿದೆ. ಬೋರಗಾಂವದವನಿಗೆ ಬೆಳಗಾವಿಗಿಂತ ಕೊಲ್ಹಾಪುರದ ಪೇಟೆ ಹತ್ತಿರ. ಕೊಳ್ಳುವುದು ಆ ರಾಜ್ಯದಲ್ಲಿ, ಬಾಳುವುದು ಈ ರಾಜ್ಯದಲ್ಲಿ. 1986ರ ಹಳೆಯ ಕಾಯಿದೆಯಲ್ಲಿ, ಮಾರಿದವನಿದ್ದ ಊರಿಗೋ ವ್ಯವಹಾರ ನಡೆದ ಊರಿಗೋ ಸಂಬಂಧಿಸಿದ ವೇದಿಕೆಗೆ ಹೋಗಿ ನಿಲ್ಲಬೇಕಾಗಿತ್ತು. ಈಗ ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದಾದ್ದರಿಂದ, ಇಚಲಕರಂಜಿಯಲ್ಲಿ ಕೊಂಡ ಯಂತ್ರಕ್ಕೆ ಬೆಳಗಾವಿಯಲ್ಲಿ ನ್ಯಾಯ ಕೇಳುವುದು ಸಾಧ್ಯವಾಗಿದೆ. ಪಹಣಿ, ಅರ್ಜಿ ಎಂದು ಆನ್‌ಲೈನ್ ಸೆಂಟರ್ ನಡೆಸಿ ಹೊಟ್ಟೆ ಹೊರೆಯುವ ತರುಣನೂ, ಸ್ವಂತ ಜೀವನೋಪಾಯಕ್ಕಾಗಿಯೇ ಯಂತ್ರವನ್ನು ಕೊಂಡಿದ್ದಲ್ಲಿ, ವ್ಯಾಪಾರಸ್ಥನೆಂದು ಹೊರಗುಳಿಯದೆ ಗ್ರಾಹಕನೇ ಆಗುವನು.

ಇಷ್ಟೆಲ್ಲ ಮಾಡಿ ಕೈಗೆ ಬರುವುದು ಒಂದೆರಡು ಸಾವಿರ ರೂಪಾಯಿಯಾದರೆ, ಬೆಳಗಾವಿಗೆ ಓಡಾಡಿದ ಬಸ್ಸಿನ ಖರ್ಚೇ ಅದನ್ನು ನುಂಗೀತು. ಆದಕಾರಣ ಒಲ್ಲೆನೆಂಬ ಮಾತು ಬಿಲ್ಲು ಹರಿಯುವುದಕ್ಕೆ ಮುಂಚೆ ಹೊರಟರೆ ಲೇಸು. ನಮ್ಮ ಪೇಟೆಗಳಲ್ಲಿ ‘ಡಾಸ್ ಲ್ಯಾಪ್‌ಟಾಪ್’ ಎಂದು ಕರೆಯುವ, ವಿಂಡೋಸ್ ಇಲ್ಲದ ಯಂತ್ರಗಳು ಮಾರಾಟಕ್ಕೆ ಬಂದಿವೆ. ಬಿಡಿಭಾಗಗಳನ್ನು ಆರಿಸಿ ಜೋಡಿಸಿಕೊಡುವ ಮೇಜಿನ ಗಣಕಯಂತ್ರಗಳಲ್ಲಂತೂ ಬೇಡದುದನ್ನು ಕೊಳ್ಳುವ ಪ್ರಮೇಯವೇ ಇಲ್ಲ. ಆದರೆ ಅಂಥ ಯಂತ್ರವನ್ನು ಅಗ್ಗಕ್ಕೆ ಕೊಂಡು, ಅಂಗಡಿಯವನಿಂದ ವಿಂಡೋಸಿನ ಕದ್ದ ಪ್ರತಿಯನ್ನು ಹಾಕಿಸಿಕೊಂಡು ಬರುವ ರೂಢಿಯೂ ನಮ್ಮಲ್ಲಿದೆ. ಬೇಡದುದಕ್ಕೆ ಹಣ ಕೊಡೆನೆನ್ನುವ ನ್ಯಾಯ, ಬೇಕಾದುದನ್ನು ಹಣ ಕೊಡದೆ ಬಳಸಿದೊಡನೆ ಬಿದ್ದುಹೋಗುತ್ತದೆ. ನಿಜವಾಗಿಯೂ ವಿಂಡೋಸ್ ಬೇಡವೆನ್ನುವವರಿಗೆ ಲಿನಕ್ಸಿನ ಉಬುಂಟುವಿನಂತಹ ವ್ಯವಸ್ಥೆಗಳು ಉಚಿತವಾಗಿ ದೊರೆಯುತ್ತವೆ; ಕನ್ನಡದಲ್ಲಿ ಬರೆಯಲು ಅವುಗಳಲ್ಲಿ ಅಡಚಣೆಯಿಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು, ಕೇರಳ ಸರಕಾರವು ಶಾಲೆಗಳಿಗೆಂದು ಆರಿಸಿಕೊಂಡ ಇಂಥ ಸ್ವತಂತ್ರ ತಂತ್ರಾಂಶಗಳಲ್ಲಿಯೇ ಗಣಕಶಿಕ್ಷಣವನ್ನು ಪಡೆಯುತ್ತಾರೆ. ಅವರಿಗೆ ಒದಗಿದುದು ನಮ್ಮ ಗೃಹಸ್ಥನ ಮಗಳಿಗೆ ನಿಲುಕದೆಂದೇನೂ ಇಲ್ಲ.

ಆಕೆ ಬಯಸಿದ ಯಂತ್ರ ವಿಂಡೋಸಿನೊಡನೆಯೇ ಬರುವುದಾದರೆ, ತಂದೆ ಮಗಳಿಬ್ಬರೂ ಅದನ್ನು ಕೊಳ್ಳಲಿ; ಓದಿಗೆ ಅದು ಬೇಕಾಗಿಯೂ ಇರಬಹುದು. ಆದರೆ ಕೊಳ್ಳುವ ಮುನ್ನ, ಇದೇ ಯಂತ್ರ ವಿಂಡೋಸಿಲ್ಲದೆ ಎಷ್ಟಕ್ಕೆ ಎಂಬ ಒಂದು ಪ್ರಶ್ನೆಯನ್ನು ಕಬ್ಬಿನ ಬಿಲ್ಲನ್ನು ಓದುವ ದನಿಯಲ್ಲಿಯೇ ಕೇಳಲಿ. ಉತ್ತರ ಸಿಕ್ಕದಿದ್ದರೂ, ಮೇಲಿಂದ ಬಿದ್ದುದು ಕೊಸರಲ್ಲ, ತೂಕಕ್ಕೆ ಸೇರಿದ ಸರಕೆಂಬುದನ್ನು ಬಲ್ಲ ಗಿರಾಕಿಯೊಬ್ಬನು ಎದುರಿಗಿದ್ದಾನೆಂದು ಅಂಗಡಿಯವನಿಗಾದರೂ ತಿಳಿದೀತು.